'ಪೇಷೆಂಟ್ ಜೊತೆ ಒಬ್ರೇ' ಅಂತಾರಲ್ಲ, ಯಾಕೆ? ಸಾಂಕ್ರಾಮಿಕದ ಕಾಲದಲ್ಲಿ ಆಸ್ಪತ್ರೆ ಗೇಟಿನ ಲೆಕ್ಕಾಚಾರ

2021ರ ಮೇ ತಿಂಗಳಲ್ಲಿ ನಮ್ಮ ದೊಡ್ಡಮ್ಮ ಕೊರೋನಾ ಬಂದು ಬೆಂಗಳೂರಿನ ಒಂದು ಆಸ್ಪತ್ರೆ ಸೇರಿದ್ದರು. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಗೇಟಿನ ಹತ್ತಿರ ಒಂದು ಮೇಜು. ಅದರ ಮೇಲೆ ಸಾಲಾಗಿ ಸ್ಟೀಲ್ ಡಬ್ಬಿಗಳು, ಫ್ಲಾಸ್ಕುಗಳು, ಬಟ್ಟೆ ತುಂಬಿದ ಕವರುಗಳು. ಎಲ್ಲದಕ್ಕೂ ಗಾಯಕ್ಕೆ ಹಾಕುವ ಬಿಳಿ ಪ್ಲಾಸ್ಟರ್ ಅಂಟಿಸಿ, ಪೆನ್ನಿನಲ್ಲಿ ಹೆಸರು, ವಾರ್ಡು, ಬೆಡ್ ನಂಬರ್ ಬರೆದಿರುತ್ತಿದ್ದರು. ನಾವೂ ಬೆಳಿಗ್ಗೆ ಗಂಜಿ ಇಟ್ಟು ಬಂದೆವು. ಸಂಜೆ ಡಬ್ಬಿ ವಾಪಸ್ ಬಂತು. ಗಂಜಿ ಹಾಗೇ ಇತ್ತು.

ಊಟ ಸೇರುತ್ತಿಲ್ಲವೇನೋ ಅಂತ ಮನೆಯಲ್ಲೆಲ್ಲ ಗಾಬರಿ. ಮಾರನೇ ದಿನವೂ ಅದೇ ಕಥೆ. ಆಮೇಲೆ ಫೋನಿನಲ್ಲಿ ಗೊತ್ತಾಯಿತು: ಮುಚ್ಚಳ ಬಿಗಿಯಾಗಿತ್ತು, ಅವರ ಕೈಯಲ್ಲಿ ತೆಗೆಯೋಕೆ ಆಗಿರಲಿಲ್ಲ. ನರ್ಸುಗಳು ಓಡಾಡುತ್ತಲೇ ಇದ್ದರಂತೆ. ಅವರನ್ನು ನಿಲ್ಲಿಸಿ 'ಈ ಡಬ್ಬಿ ತೆಗೆದುಕೊಡಮ್ಮಾ' ಅನ್ನೋಕೆ ದೊಡ್ಡಮ್ಮನಿಗೆ ಸಂಕೋಚ.

ಡಬ್ಬಿ ಮುಚ್ಚಳ ತೆಗೆಯುವುದು ಯಾರ ಕೆಲಸ? ಡಾಕ್ಟರದ್ದಲ್ಲ. ನರ್ಸಿನ ಕೆಲಸದ ಪಟ್ಟಿಯಲ್ಲೂ ಅದು ಇರುವುದಿಲ್ಲ. ನಮ್ಮ ಆಸ್ಪತ್ರೆಗಳಲ್ಲಿ ಅದು 'ಪೇಷೆಂಟ್ ಕಡೆಯವರ' ಕೆಲಸ. ಅವರನ್ನು ಗೇಟಿನ ಹೊರಗೆ ನಿಲ್ಲಿಸಿದರೆ ಆ ಕೆಲಸ ಯಾರ ಪಾಲಿಗೂ ಇಲ್ಲದೆ ಉಳಿಯುತ್ತದೆ.

ಕೊರೋನಾದ ಆ ದಿನಗಳು ಕಳೆದಿವೆ. ಆದರೆ ಕೇರಳದಲ್ಲಿ ನಿಪಾ ವೈರಸ್ಸಿನ ಸುದ್ದಿ ಬಂದಾಗಲೆಲ್ಲ ಮೈಸೂರು, ಚಾಮರಾಜನಗರ, ಕೊಡಗು, ದಕ್ಷಿಣ ಕನ್ನಡದ ಕಡೆ ಕಿವಿ ನೆಟ್ಟಗಾಗುತ್ತದೆ. 2023ರ ಸೆಪ್ಟೆಂಬರಿನಲ್ಲಿ ಈ ಗಡಿ ಜಿಲ್ಲೆಗಳಿಗೆ ಸರಕಾರ ಎಚ್ಚರಿಕೆಯನ್ನೂ ಕೊಟ್ಟಿತ್ತು. ಇಂಥ ಸಮಯದಲ್ಲಿ ಆಸ್ಪತ್ರೆ ಮೊದಲು ಬಿಗಿ ಮಾಡುವುದು ಗೇಟನ್ನು. ಯಾಕೆ ಹಾಗೆ, ಎಷ್ಟು ಬಿಗಿ ಮಾಡಿದರೆ ಸರಿ, ಯಾರನ್ನು ಬಿಡಲೇಬೇಕು ಅನ್ನುವುದನ್ನು ಬುಡದಿಂದ ನೋಡೋಣ.

ವಿಸಿಟರ್ ಬೇರೆ, ಅಟೆಂಡರ್ ಬೇರೆ

ಗೇಟಿನಲ್ಲಿ ಆಗುವ ಅರ್ಧ ಜಗಳ ಈ ಎರಡು ಪದ ಬೆರೆತುಹೋಗಿರುವುದರಿಂದಲೇ ಆಗುತ್ತದೆ.

ವಿಸಿಟರ್ ಅಂದರೆ ನೋಡಿಕೊಂಡು ಹೋಗೋಕೆ ಬರುವವರು. ಎಳನೀರು, ಮೂಸಂಬಿ, ಬ್ರೆಡ್ಡು ಹಿಡಿದು ಸಂಜೆ ಬಂದು, ಹತ್ತು ನಿಮಿಷ ಕೂತು, 'ಹುಷಾರಾಗ್ತೀರ ಬಿಡಿ' ಅಂದು ಹೊರಡುವ ನೆಂಟರು, ಆಫೀಸಿನವರು, ಪಕ್ಕದ ಮನೆಯವರು.

ಅಟೆಂಡರ್ ಅಂದರೆ ರೋಗಿಯ ಜೊತೆ ಉಳಿಯುವವರು. (ಸರಕಾರಿ ಕಚೇರಿಯ ಅಟೆಂಡರ್ ಬೇರೆ. ಆಸ್ಪತ್ರೆಯಲ್ಲಿ ಈ ಪದ ಮನೆಯವರಿಗೇ ಅಂಟಿಕೊಂಡುಬಿಟ್ಟಿದೆ.) ಮಂಚದ ಪಕ್ಕ ಚಾಪೆ ಹಾಸಿ ಮಲಗುವವರು ಇವರು. ಔಷಧಿ ಚೀಟಿ ಹಿಡಿದು ಮೆಡಿಕಲ್ ಸ್ಟೋರಿಗೆ ಹೋಗುವುದು, ರಕ್ತದ ಸ್ಯಾಂಪಲ್ ಲ್ಯಾಬಿಗೆ ಒಯ್ಯುವುದು, ರೋಗಿಯನ್ನು ಬಾತ್‌ರೂಮಿಗೆ ಹಿಡಿದುಕೊಂಡು ಹೋಗುವುದು, ಡ್ರಿಪ್ ಖಾಲಿಯಾದರೆ ನರ್ಸನ್ನು ಕೂಗುವುದು, ಬಿಲ್ ಕಟ್ಟುವುದು, ಸಹಿ ಹಾಕುವುದು ಎಲ್ಲ ಇವರೇ. ಸಂಬಳವಿಲ್ಲದ ಸಿಬ್ಬಂದಿ ಅಂದರೂ ತಪ್ಪಿಲ್ಲ.

ಹೊರದೇಶಗಳ ನಿಯಮ ಓದುವಾಗ ಇದನ್ನು ನೆನಪಿಟ್ಟುಕೊಳ್ಳಬೇಕು. ಅಲ್ಲಿನ ಬಹಳಷ್ಟು ಆಸ್ಪತ್ರೆಗಳಲ್ಲಿ ಸ್ನಾನ, ಊಟ, ಶೌಚ ಎಲ್ಲವನ್ನೂ ನರ್ಸುಗಳು ಮತ್ತು ಅವರ ಸಹಾಯಕರೇ ನೋಡಿಕೊಳ್ಳುತ್ತಾರೆ. ಹಾಗಾಗಿ 'ಭೇಟಿ ರದ್ದು' ಅಂದರೆ ಅಲ್ಲಿ ಮುಖ್ಯವಾಗಿ ಮನಸ್ಸಿಗೆ ಪೆಟ್ಟು. ನಮ್ಮಲ್ಲಿ ಹೊಟ್ಟೆಗೂ ಪೆಟ್ಟು, ಔಷಧಿಗೂ ಪೆಟ್ಟು.

ಸಾಸಿವೆ ಮತ್ತು ಒಗ್ಗರಣೆ ಘಾಟು

ಈಗ ಆಸ್ಪತ್ರೆಯ ಕಡೆಯಿಂದ ನೋಡೋಣ. ಉಸಿರಿನ ಮೂಲಕ ಹರಡುವ ರೋಗ ಎರಡು ದಾರಿ ಹಿಡಿಯುತ್ತದೆ. ಅಡುಗೆಮನೆಯನ್ನು ನೆನಪಿಸಿಕೊಂಡರೆ ಎರಡೂ ಅರ್ಥವಾಗುತ್ತವೆ.

ಒಗ್ಗರಣೆಗೆ ಸಾಸಿವೆ ಹಾಕಿದಾಗ ಚಟಪಟ ಸಿಡಿಯುತ್ತದೆ. ಕಾಳುಗಳು ಒಲೆಯ ಸುತ್ತಮುತ್ತಲೇ ಬೀಳುತ್ತವೆ. ಎರಡು ಹೆಜ್ಜೆ ಹಿಂದೆ ನಿಂತರೆ ಮೈಗೆ ತಾಗುವುದಿಲ್ಲ. ಕೆಮ್ಮಿದಾಗ, ಸೀನಿದಾಗ ಹಾರುವ ದಪ್ಪ ಹನಿಗಳೂ ಹೀಗೇ. 'ಅಂತರ ಕಾಪಾಡಿ' ಎಂಬ ಬೋರ್ಡು ಇದಕ್ಕೆ.

ಅದೇ ಎಣ್ಣೆಗೆ ಒಣಮೆಣಸಿನಕಾಯಿ ಬಿದ್ದರೆ? ಘಾಟು ಎದ್ದು, ಹಾಲ್ ದಾಟಿ, ಮಹಡಿ ಮೇಲಿನ ರೂಮಿನಲ್ಲಿದ್ದವರೂ ಕೆಮ್ಮುತ್ತಾರೆ. ಕಿಟಕಿ ಮುಚ್ಚಿದ್ದರೆ ಅರ್ಧ ಗಂಟೆ ಹೋಗುವುದೇ ಇಲ್ಲ. ಉಸಿರಾಡುವಾಗ, ಮಾತಾಡುವಾಗ ಬರುವ ಅತಿ ಸಣ್ಣ ಕಣಗಳು ಈ ಘಾಟಿನ ಹಾಗೆ ಗಾಳಿಯಲ್ಲೇ ತೇಲುತ್ತವೆ. ಕೊರೋನಾ ಎರಡೂ ರೀತಿಯಲ್ಲಿ ಹರಡುತ್ತಿತ್ತು.

ಘಾಟು ಕಡಿಮೆ ಮಾಡೋಕೆ ಏನು ಮಾಡ್ತೀವಿ? ಕಿಟಕಿ ತೆಗೀತೀವಿ, ಫ್ಯಾನ್ ಹಾಕ್ತೀವಿ, ಮೂಗಿಗೆ ಸೆರಗು ಹಿಡೀತೀವಿ, ಅಡುಗೆಮನೆಯಲ್ಲಿ ನಿಲ್ಲೋದು ಕಡಿಮೆ ಮಾಡ್ತೀವಿ. ಆಸ್ಪತ್ರೆಯ ನಿಯಮಗಳೂ ಇಷ್ಟೇ. ವಾರ್ಡಿನಲ್ಲಿ ಒಬ್ಬ ರೋಗಿಗೆ ಸೆಕೆಂಡಿಗೆ 60 ಲೀಟರ್ ಹೊಸ ಗಾಳಿ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸೆಕೆಂಡಿಗೆ ಮೂರ್ನಾಲ್ಕು ಬಕೆಟ್ ಗಾಳಿ ಅಂದುಕೊಳ್ಳಿ. ಈ ಲೆಕ್ಕ ರೋಗಿಗಳ ತಲೆ ಎಣಿಸಿ ಹಾಕಿದ್ದು. ಪ್ರತಿ ಮಂಚದ ಪಕ್ಕ ಇನ್ನಿಬ್ಬರು ಕೂತರೆ ಅದೇ ಗಾಳಿಯನ್ನು ಮೂರು ಪಟ್ಟು ಜನ ಹಂಚಿಕೊಳ್ಳುತ್ತಾರೆ.

ಇನ್ನೊಂದು ತೊಡಕಿದೆ. ಕೊರೋನಾ ಸೋಂಕು ತಗುಲಿದವರು ಲಕ್ಷಣ ಕಾಣುವುದಕ್ಕೆ ಸುಮಾರು ಎರಡು ದಿನ ಮೊದಲೇ ಬೇರೆಯವರಿಗೆ ಅಂಟಿಸಬಲ್ಲರು. ಗೇಟಿನಲ್ಲಿ ಹಣೆಗೆ ಗನ್ ಹಿಡಿದು ಜ್ವರ ನೋಡುತ್ತಿದ್ದರಲ್ಲ, ಅದು ಇಂಥವರನ್ನು ಹಿಡಿಯುವುದಿಲ್ಲ. ನಿನ್ನೆಯ ಟೆಸ್ಟಿನಲ್ಲಿ ನೆಗೆಟಿವ್ ಬಂದಿತ್ತು ಅಂದರೆ ನಿನ್ನೆ ಸಿಕ್ಕಿಬೀಳಲಿಲ್ಲ ಅಂತ ಅಷ್ಟೇ. 'ನಾನು ಚೆನ್ನಾಗೇ ಇದೀನಿ, ಬಿಡಿ' ಅಂದರೆ ಸೆಕ್ಯುರಿಟಿಯವರು ಕೇಳದೇ ಇದ್ದದ್ದು ಮೊಂಡುತನಕ್ಕಲ್ಲ.

ಒಬ್ಬ ರೋಗಿ, 82 ಮಂದಿ

ಇದೆಲ್ಲ ಪುಸ್ತಕದ ಲೆಕ್ಕ ಅನ್ನಿಸಬಹುದು. ದಕ್ಷಿಣ ಕೊರಿಯಾದಲ್ಲಿ 2015ರಲ್ಲಿ ಇದು ಕಣ್ಣೆದುರೇ ನಡೆಯಿತು.

ಮರ್ಸ್ ಎಂಬುದು ಕೊರೋನಾ ವೈರಸ್ಸಿನ ದಾಯಾದಿ. ಒಂಟೆಗಳಿಂದ ಮನುಷ್ಯರಿಗೆ ಬರುತ್ತದೆ. ಮಧ್ಯಪ್ರಾಚ್ಯಕ್ಕೆ ಹೋಗಿ ಬಂದ ಒಬ್ಬರಿಂದ ಅದು ಕೊರಿಯಾ ಸೇರಿತು. ಅವರಿದ್ದ ಆಸ್ಪತ್ರೆಯಲ್ಲೇ ಇನ್ನೊಬ್ಬ ರೋಗಿಗೆ ಅಂಟಿತು. ಆ ಎರಡನೆಯವರು ಮರ್ಸ್ ಎಂದು ಗೊತ್ತಾಗುವ ಮೊದಲೇ ರಾಜಧಾನಿ ಸೋಲ್‌ನ ಸ್ಯಾಮ್‌ಸಂಗ್ ಮೆಡಿಕಲ್ ಸೆಂಟರಿನ ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದರು. ಮೇ 27ರಿಂದ 29ರವರೆಗೆ ಅಲ್ಲಿದ್ದರು. ಅವರೊಬ್ಬರಿಂದ 82 ಜನರಿಗೆ ಸೋಂಕು ತಗುಲಿತು.

ಈ 82ರಲ್ಲಿ ರೋಗಿಗಳು 33, ಆಸ್ಪತ್ರೆ ಸಿಬ್ಬಂದಿ 8. ಉಳಿದ 41 ಮಂದಿ ಬೇರೆ ರೋಗಿಗಳ ಜೊತೆ ಬಂದವರು, ನೋಡೋಕೆ ಬಂದವರು. ಅಂದರೆ ಸರಿಯಾಗಿ ಅರ್ಧ.

ಕೊರಿಯಾದ ಕಥೆ ನಮಗೆ ಹತ್ತಿರವಾಗುವುದು ಇಲ್ಲಿ. ಅಲ್ಲೂ ಮನೆಯವರು ರೋಗಿಯ ಮಂಚದ ಪಕ್ಕ ಮಲಗಿ ಆರೈಕೆ ಮಾಡುವ ಪದ್ಧತಿ ಇದೆ. ಹುಷಾರಿಲ್ಲದವರನ್ನು ಗುಂಪಾಗಿ ಹೋಗಿ ಮಾತಾಡಿಸಿ ಬರುವುದು ಅಲ್ಲೂ ಮರ್ಯಾದೆಯ ವಿಷಯ. ಆ ಮರ್ಯಾದೆಯ ಹಾದಿಯಲ್ಲೇ ರೋಗ ಊರಿಂದೂರಿಗೆ ಹೋಯಿತು. ಮರ್ಸ್ ಆದ ಮೇಲೆ ಕೊರಿಯಾ, ಮನೆಯವರ ಕೆಲಸವನ್ನೂ ನರ್ಸುಗಳೇ ಮಾಡುವ ವಾರ್ಡುಗಳನ್ನು ಹೆಚ್ಚಿಸುತ್ತಾ ಬಂತು. ಗೇಟು ಬಿಗಿ ಮಾಡುವುದರ ಜೊತೆಗೇ ಒಳಗೆ ಕೈಗಳನ್ನೂ ಹೆಚ್ಚಿಸಿದ್ದು ಗಮನಿಸಬೇಕಾದ ಸಂಗತಿ.

ನಮ್ಮ ಪಕ್ಕದ ಉದಾಹರಣೆಯೂ ಇದೆ. 2018ರಲ್ಲಿ ಕೇರಳದ ಕೋಳಿಕ್ಕೋಡಿನಲ್ಲಿ ನಿಪಾ ಬಂದಾಗ ಸೋಂಕು ಹೆಚ್ಚಾಗಿ ಹರಡಿದ್ದು ಮನೆ, ಸಂತೆ, ಬಸ್ಸುಗಳಲ್ಲಲ್ಲ, ಆಸ್ಪತ್ರೆಗಳಲ್ಲಿ. ಮೆಡಿಕಲ್ ಕಾಲೇಜಿನ ಸ್ಕ್ಯಾನಿಂಗ್ ವಿಭಾಗದ ಹೊರಗಿನ ಕಾರಿಡಾರಿನಲ್ಲಿ ಸುಮ್ನೆ ಕಾದು ಕೂತಿದ್ದವರಿಗೂ ಅಂಟಿತು. ಕಾರಿಡಾರ್ ಅಂದರೆ ಏನೂ ಆಗದ ಜಾಗ ಅಂತ ನಾವಂದುಕೊಳ್ಳುತ್ತೇವೆ ಅಲ್ವಾ?

'ಒಬ್ರೇ' ಅಂದರೆ ಅದೇ ಒಬ್ರು

ಈಗ ಅಟೆಂಡರಿಗೆ ಆಸ್ಪತ್ರೆ ಕೊಡುವ ಪಾಸಿನ ಮೇಲೆ ಬರೆದಿರುವ 'ಒಬ್ರೇ' ಅನ್ನುವ ಸಾಲಿಗೆ ಬರೋಣ. ಒಬ್ಬರಿಗೆ ಮಾತ್ರ ಅವಕಾಶ ಅಂದಾಗ ಮನೆಗಳಲ್ಲಿ ಒಂದು ಜಾಣತನ ಮಾಡುತ್ತಾರೆ. ಬೆಳಿಗ್ಗೆ ಅಣ್ಣ, ಮಧ್ಯಾಹ್ನ ಅತ್ತಿಗೆ, ರಾತ್ರಿ ಭಾವ. ಯಾವ ಹೊತ್ತಲ್ಲೂ ಒಳಗಿರುವುದು ಒಬ್ಬರೇ ತಾನೇ?

ಲೆಕ್ಕ ಹಾಕಿ ನೋಡಿ. ಮೂವತ್ತು ಹಾಸಿಗೆಯ ವಾರ್ಡು. ಪ್ರತಿ ರೋಗಿಗೂ ಒಬ್ಬರೇ ಅಟೆಂಡರ್ ಖಾಯಂ ಇದ್ದರೆ 30 ಜನ. ದಿನಕ್ಕೆ ಮೂವರು ಸರದಿ ಮೇಲೆ ಬಂದರೆ 90 ಜನ. ಆ ತೊಂಬತ್ತೂ ಜನ ಬಸ್ಸಿನಲ್ಲೋ ಮೆಟ್ರೋದಲ್ಲೋ ಬಂದು, ಹೋಟೆಲಿನಲ್ಲಿ ತಿಂದು, ರಾತ್ರಿ ಮನೆಗೆ ಹೋಗಿ ಮಕ್ಕಳ ಪಕ್ಕ ಮಲಗುತ್ತಾರೆ. ಹೊರಗಿನ ಸೋಂಕು ಒಳಗೆ, ಒಳಗಿನದ್ದು ಹೊರಗೆ. ಆಸ್ಪತ್ರೆ ಒಂದು ಬಸ್ ಸ್ಟ್ಯಾಂಡ್ ಆಗಿಬಿಡುತ್ತದೆ.

ಅದಕ್ಕೇ ಒಬ್ಬರೇ, ಮತ್ತು ದಿನಾ ಅವರೇ. ನಡುವೆ ಮನೆಗೆ ಓಡಾಡದೆ ಅಲ್ಲೇ ಉಳಿದರೆ ಇನ್ನೂ ಒಳ್ಳೆಯದು. ಆಯ್ಕೆ ಮಾಡುವಾಗಲೂ ಸುಮ್ನೆ ಬಿಡುವಿದ್ದವರು ಅಂತಲ್ಲ. ಲಸಿಕೆ ಹಾಕಿಸಿಕೊಂಡವರು, ಸಕ್ಕರೆ ಕಾಯಿಲೆ, ಉಸಿರಾಟದ ತೊಂದರೆ ಇಲ್ಲದವರು, ಗರ್ಭಿಣಿಯಲ್ಲದವರು, ವಯಸ್ಸು ಜಾಸ್ತಿ ಆಗಿರದವರು ಆಗಬೇಕು. ಎಪ್ಪತ್ತೈದು ದಾಟಿದ ಅಜ್ಜನ ಪಕ್ಕ ಎಪ್ಪತ್ತರ ಅಜ್ಜಿಯನ್ನು ಕೂರಿಸಿದರೆ ಇನ್ನೊಂದು ಹಾಸಿಗೆ ಕಾಯ್ದಿರಿಸಿದ ಹಾಗೆ.

'ಪಿಪಿಇ ಕಿಟ್ ಹಾಕಿಕೊಂಡೇ ಹೋಗ್ತೀವಿ' ಅನ್ನುವ ವಾದವೂ ಇರುತ್ತಿತ್ತು. ಹಾಕುವುದು ಸುಲಭ. ಅಪಾಯ ಇರುವುದು ತೆಗೆಯುವಾಗ. ಅಷ್ಟು ಹೊತ್ತಿಗೆ ಕಿಟ್ಟಿನ ಹೊರಮೈಯಲ್ಲಿ ಸೋಂಕು ಕೂತಿರಬಹುದು. ಗ್ಲೌಸ್ ಮೊದಲು, ಮಾಸ್ಕ್ ಎಲ್ಲಕ್ಕಿಂತ ಕೊನೆಗೆ, ನಡುನಡುವೆ ಕೈ ಶುಚಿ, ಹೀಗೆ ಒಂದು ಕ್ರಮವಿದೆ. ಬೆವರಿನಲ್ಲಿ ತೊಯ್ದು, ಕಣ್ಣು ಉರಿಯುತ್ತಿರುವಾಗ ಅಭ್ಯಾಸವಿಲ್ಲದವರು ಮೊದಲು ಮಾಡುವ ಕೆಲಸ ಅಂದರೆ ಮುಖ ಒರೆಸಿಕೊಳ್ಳುವುದು. ಅಲ್ಲಿಗೆ ಕಿಟ್ ಹಾಕಿದ್ದೂ ದಂಡ.

ನಿಯಮ ಮಾಡುವವರು ಯಾರು?

ಒಂದೇ ಒಂದು ಕಡೆ ಅಲ್ಲ. ಅದಕ್ಕೇ ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ ಬೇರೆ ಇರುತ್ತದೆ. ಮೇಲ್ಮಟ್ಟದಲ್ಲಿ ಕಾನೂನುಗಳಿವೆ. ಬೊಂಬಾಯಿಯ ಪ್ಲೇಗಿನ ಸಮಯದಲ್ಲಿ ಬಂದ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಅಡಿಯಲ್ಲೇ ಕರ್ನಾಟಕ 2020ರ ಮಾರ್ಚ್ 11ರಂದು ಕೋವಿಡ್ ನಿಯಮಾವಳಿ ಹೊರಡಿಸಿತು. ಅದೇ ವರ್ಷ ರಾಜ್ಯ ತನ್ನದೇ ಕಾಯ್ದೆಯನ್ನೂ ಮಾಡಿಕೊಂಡಿತು. ಕೇಂದ್ರದಿಂದ ಮಾರ್ಗಸೂಚಿ ಬರುತ್ತದೆ, ರಾಜ್ಯದಿಂದ ಆದೇಶ ಬರುತ್ತದೆ. ಆದರೆ ಇವತ್ತು ಈ ವಾರ್ಡಿಗೆ ಎಷ್ಟು ಪಾಸ್, ಎಷ್ಟು ಗಂಟೆಗೆ, ಊಟ ಎಲ್ಲಿ ಕೊಡಬೇಕು ಅನ್ನುವುದನ್ನು ಆಸ್ಪತ್ರೆಯ ಆಡಳಿತವೇ ತೀರ್ಮಾನಿಸುತ್ತದೆ. ಆದ್ದರಿಂದ ವಿನಾಯಿತಿ ಬೇಕಿದ್ದರೆ ಸೆಕ್ಯುರಿಟಿಯವರ ಹತ್ತಿರ ಗುದ್ದಾಡಿ ಫಲವಿಲ್ಲ. ಅವರ ಕೈಯಲ್ಲಿ ಏನೂ ಇಲ್ಲ. ವಾರ್ಡಿನ ಡಾಕ್ಟರ್ ಅಥವಾ ಮೆಡಿಕಲ್ ಸೂಪರಿಂಟೆಂಡೆಂಟ್ ಹತ್ತಿರ ಕೇಳಬೇಕು. ಬರೆದು ಕೊಟ್ಟರೆ ಇನ್ನೂ ಒಳ್ಳೆಯದು.

ಬಾಗಿಲು ಪೂರ್ತಿ ಮುಚ್ಚಿದರೆ

ಹಾಗಾದರೆ ಯಾರನ್ನೂ ಬಿಡದೇ ಇದ್ದರೆ ಎಲ್ಲರಿಗೂ ಕ್ಷೇಮ ಅಲ್ವಾ? ಇಲ್ಲ. ಕೊರೋನಾ ಕಲಿಸಿದ ಇನ್ನೊಂದು ಪಾಠ ಇದು.

ಐಸಿಯುನಲ್ಲಿ ಮಲಗಿದವರಿಗೆ, ಅದರಲ್ಲೂ ವಯಸ್ಸಾದವರಿಗೆ, ಹಗಲು ರಾತ್ರಿ ಗೊತ್ತಾಗದೆ ತಲೆ ಕೆಡುತ್ತದೆ. ಎಲ್ಲಿದ್ದೇನೆ ಅಂತ ತಿಳಿಯುವುದಿಲ್ಲ. ಸತ್ತುಹೋದವರು ಬಂದು ಕೂತಿದ್ದಾರೆ ಅನ್ನುತ್ತಾರೆ. ಟ್ಯೂಬು ಕಿತ್ತುಕೊಳ್ಳುತ್ತಾರೆ. ವೈದ್ಯರು ಇದಕ್ಕೆ ಡಿಲೀರಿಯಮ್ ಅನ್ನುತ್ತಾರೆ, ನಮ್ಮ ಕಡೆ ಸನ್ನಿ ಅನ್ನುತ್ತಾರೆ. ಇದು ಬಂದವರು ಚೇತರಿಸಿಕೊಳ್ಳುವುದೂ ತಡ. ಕೊರೋನಾದ ಮೊದಲ ಅಲೆಯಲ್ಲಿ 14 ದೇಶಗಳ 69 ಐಸಿಯುಗಳಲ್ಲಿ 2,088 ರೋಗಿಗಳನ್ನು ಗಮನಿಸಿದ ಒಂದು ಅಧ್ಯಯನ ನಡೆಯಿತು. ಅರ್ಧಕ್ಕಿಂತ ಹೆಚ್ಚು ಜನರಿಗೆ ಈ ಸನ್ನಿ ಬಂದಿತ್ತು. ಮನೆಯವರ ಜೊತೆ ಮಾತುಕತೆ ಇದ್ದವರಲ್ಲಿ ಅದು ಕಡಿಮೆ ಕಂಡಿತು. ಎದುರಿಗೆ ಬಂದು ಮಾತಾಡಿಸಿದ್ದನ್ನಷ್ಟೇ ಅಲ್ಲ, ವೀಡಿಯೋ ಕಾಲನ್ನೂ ಆ ಅಧ್ಯಯನ ಭೇಟಿ ಎಂದೇ ಲೆಕ್ಕ ಹಿಡಿದಿತ್ತು.

ಅಂದರೆ ಪರಿಚಿತ ದನಿಯೂ ಒಂದು ಬಗೆಯ ಚಿಕಿತ್ಸೆ. ಇದು ಬರೀ ಭಾವನೆಯ ಮಾತಲ್ಲ. ಕೆಲವು ಕಡೆ ವಾರ್ಡಿನೊಳಗೆ ಫೋನಿಗೂ ಅಡ್ಡಿ ಇತ್ತು. 2020ರ ಜುಲೈ ಕೊನೆಯಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ರಾಜ್ಯಗಳಿಗೆ ಪತ್ರ ಬರೆದು, ರೋಗಿಗಳಿಗೆ ಸ್ಮಾರ್ಟ್‌ಫೋನ್ ಬಳಸೋಕೆ ಬಿಡಿ, ಮನೆಯವರ ಜೊತೆ ಮಾತಾಡಲಿ ಎಂದಿತು.

ಬ್ರಿಟನ್ನಿನಲ್ಲಿ 2020ರ ಮಾರ್ಚ್ ಕೊನೆಗೆ 13 ವರ್ಷದ ಹುಡುಗನೊಬ್ಬ ಲಂಡನ್ನಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಪಕ್ಕದಲ್ಲಿ ಮನೆಯವರು ಯಾರೂ ಇರಲಿಲ್ಲ. ಈ ಸುದ್ದಿ ಓದಿದ ದೇಶಕ್ಕೆ ದೇಶವೇ ಮರುಗಿತು. ಎರಡು ವಾರದ ಮೇಲೆ ಅಲ್ಲಿನ ಆರೋಗ್ಯ ಮಂತ್ರಿ, ಕೊನೆಗಾಲದಲ್ಲಿರುವವರನ್ನು ಹತ್ತಿರದವರು ಸಾಧ್ಯವಿದ್ದ ಕಡೆಯೆಲ್ಲ ನೋಡುವಂತೆ ವ್ಯವಸ್ಥೆ ಮಾಡುತ್ತೇವೆ ಎಂದು ಘೋಷಿಸಿದರು.

ಯಾರನ್ನು ಬಿಡಲೇಬೇಕು

ಇಂಗ್ಲೆಂಡಿನ ಸರಕಾರಿ ಆರೋಗ್ಯ ಸೇವೆ 2020ರ ಏಪ್ರಿಲ್‌ನಲ್ಲಿ ಎಲ್ಲ ಭೇಟಿಗಳನ್ನೂ ನಿಲ್ಲಿಸಿದಾಗಲೂ ನಾಲ್ಕು ತರದವರಿಗೆ ಬಾಗಿಲು ತೆರೆದಿಟ್ಟಿತ್ತು: ಸಾವಿನ ಅಂಚಿನಲ್ಲಿರುವವರ ಹತ್ತಿರದವರು, ಹೆರಿಗೆಗೆ ಬಂದವರ ಜೊತೆಗಾರರು, ಮಕ್ಕಳ ತಂದೆತಾಯಿ, ಮತ್ತು ಮರೆವಿನ ಕಾಯಿಲೆ, ಆಟಿಸಂ, ಬುದ್ಧಿಮಾಂದ್ಯ ಇರುವವರನ್ನು ನೋಡಿಕೊಳ್ಳುವವರು. ತಾವಾಗಿ ಹೇಳಿಕೊಳ್ಳಲಾಗದವರಿಗೆ ಅಥವಾ ಒಂಟಿಯಾಗಿ ಬಿಟ್ಟರೆ ಚಿಕಿತ್ಸೆಯೇ ಕೆಡುವವರಿಗೆ ಒಬ್ಬರು ಜೊತೆಗಿರಲಿ ಅನ್ನುವುದು ಇದರ ಹಿಂದಿನ ತರ್ಕ.

ಹೆರಿಗೆಯ ವಿಷಯದಲ್ಲಿ ಜಗಳ ಜಾಸ್ತಿ ಆಯಿತು. ನ್ಯೂಯಾರ್ಕಿನ ಕೆಲವು ದೊಡ್ಡ ಆಸ್ಪತ್ರೆಗಳು 2020ರ ಮಾರ್ಚ್‌ನಲ್ಲಿ ಗಂಡನನ್ನೂ ಹೆರಿಗೆ ಕೋಣೆಗೆ ಬಿಡುವುದಿಲ್ಲ ಎಂದವು. ಕೆಲವೇ ದಿನಗಳಲ್ಲಿ ಅಲ್ಲಿನ ಗವರ್ನರ್ ಆದೇಶ ಹೊರಡಿಸಿ, ಒಬ್ಬರನ್ನು ಬಿಡಲೇಬೇಕು ಎಂದರು. ನಮ್ಮ ದೇಶದ ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಗೆ ಜೊತೆಗೊಬ್ಬ ಹೆಂಗಸು ಇರಬಹುದು ಎಂದು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಒಪ್ಪಿತ್ತು. ಹೆತ್ತ ತಾಯಿ ಮತ್ತು ಮಗುವನ್ನಂತೂ ಬೇರೆ ಮಾಡಬಾರದು, ತಾಯಿಗೆ ಸೋಂಕಿದ್ದರೂ ಮಾಸ್ಕ್ ಹಾಕಿ, ಕೈ ತೊಳೆದು ಹಾಲು ಕುಡಿಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತೆ ಮತ್ತೆ ಹೇಳಿತು.

ಕೊನೆಯ ಮುಖದರ್ಶನ

ಇದನ್ನು ಬರೆಯೋಕೆ ಕಷ್ಟ, ಆದರೆ ಗೊತ್ತಿಲ್ಲದೆ ಬಹಳ ಮನೆಗಳು ನೊಂದವು. ಕೊರೋನಾದಲ್ಲಿ ತೀರಿಕೊಂಡವರ ಮುಖವನ್ನೂ ನೋಡುವಂತಿಲ್ಲ ಅಂತ ಅನೇಕರು ನಂಬಿದ್ದರು. ಕೇಂದ್ರ ಆರೋಗ್ಯ ಇಲಾಖೆ 2020ರ ಮಾರ್ಚ್ 15ರ ಮಾರ್ಗಸೂಚಿಯಲ್ಲೇ ಬೇರೆ ಹೇಳಿತ್ತು. ಚೀಲದ ಜಿಪ್ಪನ್ನು ಮುಖದ ಕಡೆ ತೆಗೆದು ಸಿಬ್ಬಂದಿ ತೋರಿಸಬಹುದು. ಮುಟ್ಟದೆ ಮಾಡುವ ಮಂತ್ರ, ಪ್ರಾರ್ಥನೆ, ತೀರ್ಥ ಚಿಮುಕಿಸುವುದು ನಡೆಯುತ್ತದೆ. ಸ್ನಾನ ಮಾಡಿಸುವುದು, ಅಪ್ಪಿಕೊಳ್ಳುವುದು, ಮುತ್ತಿಡುವುದು ಬೇಡ. ಅಸ್ಥಿಯಿಂದ ಯಾವ ಅಪಾಯವೂ ಇಲ್ಲ, ತೆಗೆದುಕೊಂಡು ಹೋಗಬಹುದು.

ಹೊರಗೆ ನಿಂತವರು ಏನು ಮಾಡಬಹುದು

ಸೇರಿಸುವ ದಿನವೇ ಮನೆಯ ಪರವಾಗಿ ಮಾತಾಡುವವರು ಯಾರು ಅಂತ ಒಬ್ಬರನ್ನು ಗೊತ್ತುಮಾಡಿ, ಅವರ ನಂಬರ್ ಕೇಸ್ ಶೀಟಿನಲ್ಲಿ ಬರೆಸಿ. ಐದು ಜನ ಐದು ಸಲ ಫೋನ್ ಮಾಡಿದರೆ ನರ್ಸ್ ಐದೂ ಸಲ ರೋಗಿಯನ್ನು ಬಿಟ್ಟು ಬರಬೇಕು. ದಿನಕ್ಕೆ ಒಂದು ಹೊತ್ತು ವಿಷಯ ತಿಳಿಸಿ ಅಂತ ಕೇಳಿಕೊಳ್ಳಿ. ಅದನ್ನು ಕೇಳೋಕೆ ಹಿಂಜರಿಯಬೇಕಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ 17 ರೋಗಿ ಹಕ್ಕುಗಳ ಪಟ್ಟಿಯಲ್ಲಿ ಮೊದಲನೆಯದೇ ಮಾಹಿತಿಯ ಹಕ್ಕು.

ಒಂದು ಹಾಳೆಯಲ್ಲಿ ರೋಗಿ ದಿನಾ ನುಂಗುವ ಮಾತ್ರೆಗಳು, ಆಗದ ಔಷಧಿಗಳು, ಹಳೆಯ ಕಾಯಿಲೆಗಳನ್ನು ಬರೆದು ಕೊಡಿ. ಕೆಳಗೆ ಇನ್ನೆರಡು ಸಾಲು ಸೇರಿಸಿ: ಯಾವ ಭಾಷೆ ಅರ್ಥವಾಗುತ್ತದೆ, ಏನಂತ ಕರೆದರೆ ಓಗೊಡುತ್ತಾರೆ, ಯಾವ ಕಿವಿ ಮಂದ. ನೀವು ಪಕ್ಕದಲ್ಲಿದ್ದಿದ್ದರೆ ಬಾಯಲ್ಲಿ ಹೇಳುತ್ತಿದ್ದ ಮಾತುಗಳನ್ನು ಆ ಹಾಳೆ ಹೇಳಬೇಕು. ಕನ್ನಡಕ, ಹಲ್ಲಿನ ಸೆಟ್ಟು, ಕಿವಿಯ ಮಿಷನ್ನು ಮತ್ತು ಅದರ ಬ್ಯಾಟರಿ, ಫೋನ್ ಚಾರ್ಜರು ಮರೆಯಬೇಡಿ. ಆಮ್ಲಜನಕದ ಮಾಸ್ಕ್ ಹಾಕಿರುವವರು ಕನ್ನಡಕವೂ ಇಲ್ಲದೆ, ಕಿವಿಯೂ ಕೇಳದೆ ಮಲಗಿದ್ದರೆ ಗಾಬರಿಯಾಗದೆ ಇರುತ್ತದೆಯೇ? ಒಡವೆ ಮಾತ್ರ ಮನೆಯಲ್ಲೇ ಇರಲಿ.

ಮೂರನೇ ದಿನದಿಂದ ನಾವು ಗಂಜಿಯನ್ನು ಹಗುರ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಕಳಿಸಿದೆವು. ಪ್ಲಾಸ್ಟರಿನ ಮೇಲೆ ಹೆಸರು, ಬೆಡ್ ನಂಬರಿನ ಕೆಳಗೆ 'ದಯವಿಟ್ಟು ಮುಚ್ಚಳ ತೆಗೆದು ಕೊಡಿ' ಅಂತಲೂ ಬರೆದೆವು. ಸಂಜೆ ಡಬ್ಬಿ ತೊಳೆದು ಬಂತು. ಯಾರು ತೊಳೆದರೋ ಗೊತ್ತಾಗಲಿಲ್ಲ.